ಖಾಲಿ ಡಬ್ಬ

2020ರಲ್ಲಿ ನಾವು ನೈರೋಬಿಯಲ್ಲಿದ್ದೆವು. ಅಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಕೀನ್ಯಾದಲ್ಲಿ ಹೆಂಗಸರನ್ನು ಮಗುವಿನ ಹೆಸರಿನ ಹಿಂದೆ ‘ಮಾಮಾ’ ಸೇರಿಸಿ ಕರೆಯುತ್ತಾರೆ. ಮಾಮಾ ಎಂದರೆ ಅಮ್ಮ. ತರಕಾರಿಯವಳಿಗೂ ಗೇಟಿನ ಕಾವಲುಗಾರನಿಗೂ ನಾನು ನನ್ನ ಮಗಳ ಅಮ್ಮ, ಅಷ್ಟೇ.

ಪಕ್ಕದ ಮನೆಯವರು ಕಿಸುಮು ಕಡೆಯ ಲುವೋ ಜನ. ಸಂಜೆಯಾದರೆ ಅಲ್ಲಿ ಉಗಾಲಿ ತೊಳಸುವ ಸದ್ದು. ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಅನ್ನಿ. ನಾನು ಅದನ್ನು ರಾಗಿಮುದ್ದೆಯಂತೆ ಅಗಿಯದೆ ನುಂಗಿದ್ದು ಕಂಡು ಮನೆಮಂದಿಯೆಲ್ಲ ಗಾಬರಿಯಾದರು! ಜೊತೆಗೆ ‘ಸುಕುಮ ವಿಕಿ’ ಎಂಬ ಸೊಪ್ಪಿನ ಪಲ್ಯ. ಆ ಹೆಸರಿನ ಅರ್ಥ ‘ವಾರ ತಳ್ಳು’ ಎಂದು. ತಿಂಗಳ ಕೊನೆಯ ಕಷ್ಟ ಕಂಡ ಯಾವ ಗೃಹಿಣಿಗೆ ಇದನ್ನು ಬಿಡಿಸಿ ಹೇಳಬೇಕು?

ಮಾರ್ಚ್ 13ರಂದು ದೇಶದ ಮೊದಲ ಕೊರೊನಾ ಪ್ರಕರಣ ಪ್ರಕಟವಾಯಿತು. ಶಾಲೆಗಳು ಮುಚ್ಚಿದವು. ಪಕ್ಕದ ಮನೆಯಾಕೆ ಐದು ವರ್ಷದ ಮಗಳನ್ನು ಮೈದುನನ ಜೊತೆ ಹಳ್ಳಿಗೆ, ಅತ್ತೆಯ ಹತ್ತಿರ ಕಳಿಸಿದಳು. ಎರಡು ವಾರದ ಮಾತು ಅಂದುಕೊಂಡಿದ್ದಳು. ಏಪ್ರಿಲ್ 6ರ ಸಂಜೆಯಿಂದ ನೈರೋಬಿಗೆ ಬರುವ, ಹೋಗುವ ದಾರಿಗಳೆಲ್ಲ ಬಂದ್.

ಇತ್ತ ತುಮಕೂರು ಕಡೆಯ ಹಳ್ಳಿಯಲ್ಲಿ ನನ್ನ ಅಮ್ಮ ಒಬ್ಬಳೇ. ವಿಮಾನವಿಲ್ಲ. ಬೆಳಗ್ಗೆ ಆರಕ್ಕೆ ನಾನು ಬಾಲ್ಕನಿಗೆ ಬಂದು ಫೋನ್ ಮಾಡಿದರೆ ಊರಲ್ಲಿ ಎಂಟೂವರೆ. “ನಂಗೇನಾಗಿದೆ, ಚೆನ್ನಾಗಿದೀನಿ” ಅನ್ನುತ್ತಿದ್ದಳು, ನಡುವೆ ಕೆಮ್ಮುತ್ತ. ಪಕ್ಕದ ಬಾಲ್ಕನಿಯಲ್ಲಿ ಆಕೆ. ಎಂ-ಪೆಸಾದಲ್ಲಿ ಅತ್ತೆಗೆ ದುಡ್ಡು ಕಳಿಸಿ, ಮಗುವಿಗೆ ಫೋನ್ ಕೊಡಿ ಎಂದು ಕೇಳುವುದು. ಮೊದಮೊದಲು ಮಗು ಅಳುತ್ತಿತ್ತು. ಮೇ ಹೊತ್ತಿಗೆ ಆಟ ಬಿಟ್ಟು ಫೋನಿಗೆ ಬರುವುದನ್ನೇ ನಿಲ್ಲಿಸಿತು. ಆಕೆ ಅತ್ತದ್ದನ್ನು ನಾನು ಕಂಡಿದ್ದು ಆವತ್ತೇ.

ಜುಲೈ 7ಕ್ಕೆ ದಾರಿ ತೆರೆಯಿತು. ಬೆಳಕು ಹರಿಯುವ ಮುಂಚೆಯೇ ಆಕೆ ಹೊರಟಳು. ಕಿಸುಮು ಸುಮಾರು 350 ಕಿಲೋಮೀಟರ್. ಮಟಾಟು ವ್ಯಾನಿನಲ್ಲಿ ಸೀಟು ಬಿಟ್ಟು ಸೀಟು, ಎಲ್ಲರಿಗೂ ಮಾಸ್ಕ್. ವಾರದ ನಂತರ ಮಗುವಿನೊಂದಿಗೆ ಬಂದಳು. ಮಗು ಅಜ್ಜಿಯ ಭಾಷೆಯನ್ನೇ ಮಾತಾಡುತ್ತಿತ್ತು. ಕರೆದರೆ ಸ್ವಾಹಿಲಿಯಲ್ಲಿ ಉತ್ತರವೇ ಇಲ್ಲ. ರಾತ್ರಿ ಅಜ್ಜಿ ಬೇಕೆಂದು ಹಟ. “ಈಗ ನನಗೆ ಹೊಸದಾಗಿ ಪರಿಚಯ ಆಗಬೇಕು” ಎಂದು ಆಕೆ ನಕ್ಕಳು. ನಗು ಪೂರ್ತಿ ಬರಲಿಲ್ಲ.

ಅತ್ತೆ ನನಗೂ ಒಂದು ಡಬ್ಬ ಹಿಟ್ಟು ಕಳಿಸಿದ್ದರು. ಸ್ವಾಹಿಲಿಯಲ್ಲಿ ‘ವಿಂಬಿ’. ಮುಚ್ಚಳ ತೆರೆದರೆ ನಮ್ಮ ರಾಗಿ! ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲವೇ. ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ನಮ್ಮ ಕಡೆ ಬಂದದ್ದು. ಅವರು ಅದರಲ್ಲಿ ಉಜಿ ಎಂಬ ಗಂಜಿ ಕಾಯಿಸುತ್ತಾರೆ.

ನಾನು ಊರು ಸೇರಿದ್ದು ಮರುವರ್ಷ ಜನವರಿಯಲ್ಲಿ. ಅಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದಳು. ಉಳಿದಿದ್ದ ಆ ಹಿಟ್ಟಿನಲ್ಲಿ ಅಂಬಲಿ ಕಾಯಿಸಿ ಕೊಟ್ಟೆ. ಎರಡು ಗುಟುಕು ಕುಡಿದು, “ಯಾವ ಅಂಗಡಿದೇ ಇದು?” ಅಂದಳು. ಹೇಳಿದೆ. ಆ ಮಗು ಅಮ್ಮನ ಹತ್ತಿರ ಈಗ ಮಲಗುತ್ತದಾ ಎಂದು ಕೇಳಿದಳು. ಮಲಗುತ್ತದೆ ಎಂದೆ.

ಹೊರಡುವ ಹಿಂದಿನ ದಿನ ಅಡುಗೆಮನೆಯಲ್ಲಿ ಘಮ. ಅಮ್ಮ ಆ ಡಬ್ಬಕ್ಕೆ ಹುರಿಹಿಟ್ಟು ಒತ್ತಿ ತುಂಬುತ್ತಿದ್ದಳು. “ಖಾಲಿ ಡಬ್ಬ ವಾಪಸ್ ಕೊಡ್ತಾರೇನೇ? ಆ ಅಜ್ಜಿಗೆ ಹಲ್ಲಿದೆಯೋ ಇಲ್ಲವೋ, ಬೆಲ್ಲ ಪುಡಿ ಮಾಡೇ ಹಾಕಿದೀನಿ.”