ಗಡಿಯಾಚೆ ನಿಂತ ಬಂಡಿ

ದೇವನಹಳ್ಳಿಯ ಕೋಟೆಯ ಸಮೀಪದಲ್ಲಿ ಹಾದುಹೋಗುವ ಹೆದ್ದಾರಿಗೆ ಈಗ ೪೪ ಎಂಬ ಸಂಖ್ಯೆಯುಂಟು. ೨೦೧೦ರಲ್ಲಿ ಹೆದ್ದಾರಿಗಳ ಅಂಕೆಗಳನ್ನು ಬದಲಾಯಿಸುವವರೆಗೆ ಅದು ೭ನೆಯ ರಾಷ್ಟ್ರೀಯ ಹೆದ್ದಾರಿಯೆನಿಸಿದ್ದಿತು. ಅದರ ಒಂದು ತುದಿ ಕನ್ಯಾಕುಮಾರಿಯಲ್ಲಿ, ಇನ್ನೊಂದು ತುದಿ ಕಾಶಿಯಲ್ಲಿ. ಹೈದರಾಬಾದು, ನಾಗಪುರ, ಜಬಲಪುರಗಳ ಮೇಲೆ ಹೋದರೆ ಒಂದೇ ಹಾದಿಯಲ್ಲಿ ವಿಶ್ವನಾಥನ ಊರನ್ನು ಸೇರಬಹುದಾಗಿದ್ದಿತು. ಕಾಶಿಯನ್ನು ಮುಟ್ಟಿದವರಿಗೆ ಗೋರಖಪುರ, ಸೋನೌಲಿಗಳನ್ನು ದಾಟಿ ನೇಪಾಳವನ್ನೂ ನೋಡಿಬರೋಣವೆಂಬ ಆಸೆ ಹುಟ್ಟುವುದು ಸಹಜವೇ. ಪಶುಪತಿನಾಥನ ಗರ್ಭಗೃಹದ ಪೂಜೆಯನ್ನು ಕರ್ನಾಟಕದ ಭಟ್ಟರು ಮಾಡುತ್ತಿರುವುದೂ, ಮುಕ್ತಿನಾಥವು ನೂರೆಂಟು ದಿವ್ಯದೇಶಗಳಲ್ಲಿ ಒಂದಾಗಿರುವುದೂ ಆ ಆಸೆಗೆ ಮತ್ತಷ್ಟು ಬಲವನ್ನು ಕೊಡುವುವು. ಹಿಂದೆ ರೈಲಿನಲ್ಲಿ ಹೋಗುತ್ತಿದ್ದವರ ಮಕ್ಕಳು ಈಗ ಸ್ವಂತ ಮೋಟಾರು ಬಂಡಿಯಲ್ಲಿಯೇ ಹೊರಡುತ್ತಾರೆ.

ಎತ್ತಿನ ಬಂಡಿಯ ಕಾಲದಲ್ಲಿ ದೂರದ ಪಯಣಕ್ಕೆ ಹೊರಟವನು ಒಂದೆರಡು ಕಡಾಣಿಗಳನ್ನೂ, ಕೀಲೆಣ್ಣೆಯ ಬುರುಡೆಯನ್ನೂ, ನಾಲ್ಕು ಮಾರು ಹಗ್ಗವನ್ನೂ ಜೊತೆಗೆ ಇಟ್ಟುಕೊಳ್ಳುತ್ತಿದ್ದನು. ಅಚ್ಚು ಮುರಿದರೆ ಮುಂದಿನ ಊರಿನ ಬಡಗಿ ಅದನ್ನು ಕೂಡಿಸಿಕೊಡುತ್ತಿದ್ದನು; ಪಟ್ಟಿ ಸಡಲಿದರೆ ಕಮ್ಮಾರನು ಬಿಗಿಯುತ್ತಿದ್ದನು. ಮೋಟಾರು ಬಂಡಿಯ ಯಜಮಾನನಾದರೋ ತನ್ನ ಬಂಡಿಯ ಹೊಟ್ಟೆಯಲ್ಲಿ ಏನಿದೆಯೆಂಬುದನ್ನು ಅರಿಯನು. ಕಡಾಣಿಯ ಬದಲಾಗಿ ಅವನು ಕಾಗದವನ್ನು ಒಯ್ಯುತ್ತಾನೆ. ಆ ಕಾಗದದಲ್ಲಿ ಏನಿದೆಯೆಂಬುದನ್ನಾದರೂ ಅರಿತಿದ್ದಾನೆಯೇ ಎಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ಸಾಮಾನ್ಯವಾಗಿ 'ವಿಮೆ' ಎಂಬ ಒಂದೇ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಸೇರಿಹೋಗಿವೆ. ಮೊದಲನೆಯದು ಅನ್ಯರಿಗೆ ಆದ ಹಾನಿಯ ಹೊಣೆ. ೧೯೩೯ರ ಮೋಟಾರು ವಾಹನಗಳ ಕಾನೂನಿನ ಆ ಭಾಗವು ೧೯೪೬ರ ಜುಲೈ ೧ರಿಂದ ಜಾರಿಗೆ ಬಂದಿತು. ಈಗ ೧೯೮೮ರ ಕಾನೂನಿನ ೧೪೬ನೆಯ ಕಲಮಿನ ಮೇರೆಗೆ ಅದು ಎಲ್ಲರಿಗೂ ಕಡ್ಡಾಯ. ಎರಡನೆಯದು ಸ್ವಂತ ಬಂಡಿಗೆ ಅಪಘಾತ, ಬೆಂಕಿ, ಕಳವು, ಪ್ರವಾಹ ಮುಂತಾದವುಗಳಿಂದ ಆಗುವ ನಷ್ಟದ ಭರ್ತಿ. ಮೂರನೆಯದು ದಾರಿಯಲ್ಲಿ ಬಂಡಿ ಕೆಟ್ಟು ನಿಂತಾಗ ಸಹಾಯಕ್ಕೆ ಬರುವ ಏರ್ಪಾಡು. ರೂಢಿಯಲ್ಲಿರುವ ವಿಮಾಪತ್ರದಲ್ಲಿ ಸವಕಳಿ, ಯಂತ್ರದ ಕೆಡುಕು, ವಿದ್ಯುತ್ತಿನ ಕೆಡುಕು ಇವುಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿರುತ್ತಾರೆ. ಗೋಡೆಗೆ ತಾಗಿ ಬಾಗಿಲು ನುಗ್ಗಾದರೆ ಅದು ವಿಮೆಯ ಮಾತು. ಕ್ಲಚ್ಚು ತಾನಾಗಿ ಸವೆದು ಹೋದರೆ ಅದು ಒಡೆಯನ ಮಾತು. ಈ ಎರಡನೆಯ ಪ್ರಸಂಗಕ್ಕಾಗಿಯೇ ಮೂರನೆಯ ಏರ್ಪಾಡು ಹುಟ್ಟಿರುವುದು. ಅದನ್ನು ಕೆಲವೊಮ್ಮೆ ವಿಮಾ ಕಂಪನಿಯು, ಕೆಲವೊಮ್ಮೆ ಬಂಡಿಯನ್ನು ಮಾಡಿದವರು, ಕೆಲವೊಮ್ಮೆ ಬೇರೆಯೇ ಒಂದು ಸಂಸ್ಥೆಯವರು ಮಾರುತ್ತಾರೆ. ಕಾಸಿಗೆ ತಕ್ಕ ಕಜ್ಜಾಯವೆಂಬಂತೆ ಎಷ್ಟು ದೂರ ಎಳೆದೊಯ್ಯುವರು, ವರ್ಷಕ್ಕೆ ಎಷ್ಟು ಸಲ ಬರುವರು, ಯಾವ ಎಲ್ಲೆಯೊಳಗೆ ಬರುವರು ಎಂಬುದಕ್ಕೆಲ್ಲ ಮಿತಿಯುಂಟು.

ಎಲ್ಲೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕಾಗಿದೆ. ಭಾರತದ ಮೋಟಾರು ವಿಮಾಪತ್ರವು ಭಾರತದೊಳಗೆ ಮಾತ್ರ ನಡೆಯುವಂಥದು. ನೇಪಾಳ, ಭೂತಾನ, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ದೀವ್ಸ್ ಈ ಆರು ದೇಶಗಳಿಗೆ ಅದನ್ನು ವಿಸ್ತರಿಸಿಕೊಳ್ಳಲು ಅವಕಾಶವಿದೆ. ೨೦೦೨ರ ಮೋಟಾರು ವಿಮಾ ದರಪಟ್ಟಿಯಲ್ಲಿ ಇದಕ್ಕೆ ಸಮಗ್ರ ವಿಮೆಯವರಿಗೆ ೫೦೦ ರೂಪಾಯಿ, ಹೊಣೆವಿಮೆ ಮಾತ್ರ ಉಳ್ಳವರಿಗೆ ೧೦೦ ರೂಪಾಯಿ ಎಂದು ಗೊತ್ತುಮಾಡಿದ್ದರು. ಆದರೆ ಹೀಗೆ ವಿಸ್ತಾರಗೊಳ್ಳುವುದು ವಿಮೆಯ ಎಲ್ಲೆಯೇ ಹೊರತು ದಾರಿಸಹಾಯದ ಎಲ್ಲೆಯಲ್ಲ. ಎಷ್ಟೋ ಯಾತ್ರಿಕರ ಕಷ್ಟವು ಈ ಒಂದು ಭೇದದಿಂದ ಹುಟ್ಟುತ್ತದೆ.

ಕೆಲವು ವರ್ಷಗಳ ಹಿಂದೆ ದೇವನಹಳ್ಳಿಯ ಕಡೆಯ ನಿವೃತ್ತ ಉಪಾಧ್ಯಾಯರೊಬ್ಬರು ಪತ್ನಿಯೊಡನೆ ಮುಕ್ತಿನಾಥಕ್ಕೆ ಹೊರಟರು; ಬಂಡಿಯನ್ನು ನಡೆಸುವವನು ಮಗ. ಆ ತಾಯಿಗೆ ಮುಕ್ತಿನಾಥದ ನೂರೆಂಟು ಧಾರೆಗಳಲ್ಲಿ ತಲೆಯೊಡ್ಡಬೇಕೆಂಬುದು ಬಹುಕಾಲದ ಹಂಬಲ. ಉಪಾಧ್ಯಾಯರು ವ್ಯವಸ್ಥೆಯ ಮನುಷ್ಯರು. ನೇಪಾಳದ ವಿಸ್ತರಣೆಗೆ ಹಣ ಕಟ್ಟಿದ್ದರು, ದಾರಿಸಹಾಯವನ್ನೂ ಕೊಂಡಿದ್ದರು. "ಎಲ್ಲಿ ನಿಂತರೂ ಒಂದು ಫೋನು ಮಾಡಿ ಸಾಕು, ಮೇಷ್ಟ್ರೇ" ಎಂದು ಏಜೆಂಟನು ಅಭಯವಿತ್ತಿದ್ದನು. ಸೋನೌಲಿಯ ಆಚೆ ಬೇಲಹಿಯಾದಲ್ಲಿ ನೇಪಾಳದ ಸುಂಕದ ಕಟ್ಟೆಯಿದೆ. ಅಲ್ಲಿ ಬಂಡಿಗೆ ಇಷ್ಟು ದಿನವೆಂದು 'ಭನ್ಸಾರ್' ಎಂಬ ಸುಂಕವನ್ನು ತೆತ್ತು ಚೀಟಿ ಪಡೆದರು.

ಬುಟವಲ್ ಪಟ್ಟಣ ಕಳೆದ ಮೇಲೆ ರಸ್ತೆಯು ಬೆಟ್ಟವನ್ನು ಏರತೊಡಗುತ್ತದೆ. ಪಾಲ್ಪಾದ ಏರಿನಲ್ಲಿ ಸುಟ್ಟ ವಾಸನೆ ಬಂದು, ಎಂಜಿನ್ನು ಗರ್ಜಿಸಿದರೂ ಚಕ್ರವು ಅಲುಗಾಡದೆ ಬಂಡಿ ನಿಂತಿತು. ಭಾರತದ ಸಿಮ್ಮಿಗೆ ಹೊರದೇಶದ ಸೌಕರ್ಯವನ್ನು ಮಾಡಿಸದಿದ್ದುದರಿಂದ ಫೋನು ಮೌನವಾಗಿದ್ದಿತು. ಚಹದಂಗಡಿಯವನ ಫೋನಿನಿಂದ ಸಹಾಯದ ಸಂಖ್ಯೆಯನ್ನು ಒತ್ತಿದರೆ ೧೮೦೦ರಿಂದ ಮೊದಲಾಗುವ ಆ ಉಚಿತ ಸಂಖ್ಯೆಯು ಪರದೇಶದಿಂದ ಸೇರಲೇ ಇಲ್ಲ. ಕೊನೆಗೆ ಊರಿನ ನೆರೆಯವರಿಗೆ ಹೇಳಿ, ಅವರು ದೇವನಹಳ್ಳಿಯಿಂದ ಆ ಸಂಖ್ಯೆಗೆ ಮಾತನಾಡಿದ್ದಾಯಿತು. ಬಂದ ಉತ್ತರ ಚಿಕ್ಕದು: ಸೇವೆಯು ಭಾರತದೊಳಗೆ ಮಾತ್ರ, ಬಂಡಿಯನ್ನು ಸೋನೌಲಿಗೆ ತಂದರೆ ಅಲ್ಲಿಗೆ ಬರುತ್ತೇವೆ.

ಸೋನೌಲಿಯೋ ಅರುವತ್ತು ಕಿಲೋಮೀಟರಿನಷ್ಟು ಹಿಂದೆ. ಬಂಡಿಯನ್ನು ಬೆಟ್ಟದಲ್ಲಿ ಬಿಟ್ಟುಹೋಗುವಂತಿಲ್ಲ. ಒಳಗೆ ಬಂದ ಬಂಡಿ ಹೊರಗೆ ಹೋಯಿತೆಂಬುದನ್ನು ಸುಂಕದವರಿಗೆ ತೋರಿಸಿಕೊಡಬೇಕು. ಚೀಟಿಯ ದಿನಗಳೂ ಕಳೆಯುತ್ತಿವೆ. ತಂದೆಯು ಯಾತ್ರೆಯನ್ನು ಅಲ್ಲಿಗೇ ನಿಲ್ಲಿಸೋಣವೆಂದರು. ತಾಯಿ ಮಾತ್ರ, "ಬಂಡಿ ನಿಂತರೆ ದೇವರೂ ನಿಂತನೇ? ನಾವು ಬಸ್ಸಿನಲ್ಲಿ ಹೋಗೋಣ. ಮಗು ಬಂಡಿ ನೋಡಿಕೊಳ್ಳಲಿ" ಎಂದರು. "ನೀವಿಬ್ಬರೂ ಹೋಗಿಬನ್ನಿ ಅಮ್ಮ, ನನ್ನ ಪಾಲಿನ ನೀರನ್ನು ಸೀಸೆಯಲ್ಲಿ ತನ್ನಿ" ಎಂದು ಮಗನು ಅವರನ್ನು ಪೋಖರಾದ ಬಸ್ಸು ಹತ್ತಿಸಿದನು.

ಅನಂತರ ಸ್ಥಳದ ಕ್ರೇನಿನವರು ಬಂಡಿಯನ್ನು ಲಾರಿಯ ಮೇಲೇರಿಸಿ ಬುಟವಲ್ಲಿಗೆ ಇಳಿಸಿದರು. ಭಾರತದಲ್ಲಿ ಓಡುವ ಬಂಡಿಗಳೇ ಬಹುಮಟ್ಟಿಗೆ ಅಲ್ಲಿಯೂ ಓಡುವುದರಿಂದ ಬಿಡಿಭಾಗಕ್ಕೆ ಕೊರತೆಯಾಗಲಿಲ್ಲ. ಮೆಕ್ಯಾನಿಕ್ಕನು ಗೇರುಪೆಟ್ಟಿಗೆಯನ್ನು ಕಳಚಿ ಎರಡು ದಿನಗಳಲ್ಲಿ ಹೊಸ ಕ್ಲಚ್ಚನ್ನು ಕೂಡಿಸಿದನು. ಲೆಕ್ಕವು ನೇಪಾಳದ ರೂಪಾಯಿಯಲ್ಲಿ; ೧೯೯೩ರಿಂದ ಭಾರತದ ೧೦೦ಕ್ಕೆ ನೇಪಾಳದ ೧೬೦ ಎಂಬ ದರವು ಸ್ಥಿರವಾಗಿರುವುದರಿಂದ ಅದರಲ್ಲಿ ಗೊಂದಲವಿರಲಿಲ್ಲ. ಆದರೆ ಲಾರಿಯ ಮೇಲಿದ್ದಾಗ ಕಟ್ಟಿದ್ದ ಸರಪಣಿಯು ಕಳಚಿ ಬಡಿದು ಬಂಡಿಯ ಒಂದು ಬಾಗಿಲು ಒಳಕ್ಕೆ ನುಗ್ಗಿಹೋಗಿದ್ದಿತು. ಮಗನು ಲಾರಿಯ ಮೇಲಿರುವಾಗಲೇ ಅದರ ಚಿತ್ರಗಳನ್ನು ತೆಗೆದು, ಆ ದಿನವೇ ಚಹದಂಗಡಿಯವನ ಫೋನಿನಿಂದ ನೆರೆಯವರ ಮೂಲಕ ಕಂಪನಿಗೆ ತಿಳಿಸಿದನು. ಬಾಗಿಲನ್ನು ಮಾತ್ರ ರಿಪೇರಿ ಮಾಡಿಸಲಿಲ್ಲ. ಹೆಚ್ಚಿದ ದಿನಗಳಿಗೆ ಸುಂಕ ಕಟ್ಟಿ, ದೇವರನ್ನು ನೋಡಿ ಬಂದ ತಂದೆತಾಯಿಗಳನ್ನು ಕೂಡಿಕೊಂಡು ಹಿಂದಿರುಗಿದನು.

ಊರಿಗೆ ಬಂದ ಮೇಲೆ ಉಪಾಧ್ಯಾಯರು ಎಲ್ಲ ಖರ್ಚನ್ನೂ ಒಂದೇ ಅರ್ಜಿಯಲ್ಲಿ ಬರೆದು ಕಳುಹಿಸಿದರು. ಯಂತ್ರದ ಕೆಡುಕಿಗೆ ವಿಮೆಯಿಲ್ಲವೆಂದು ಕಂಪನಿಯು ಇಡೀ ಅರ್ಜಿಯನ್ನು ತಳ್ಳಿಹಾಕಿತು. ಆಗ ಅವರು ಮಕ್ಕಳ ಉತ್ತರಪತ್ರಿಕೆಯನ್ನು ತಿದ್ದುವ ಎಚ್ಚರದಿಂದ ವಿಮಾಪತ್ರವನ್ನು ಕೈಗೆ ತೆಗೆದುಕೊಂಡರು. ಕ್ಲಚ್ಚಿನ ವಿಷಯದಲ್ಲಿ ಕಂಪನಿಯ ಮಾತು ಸರಿಯಾಗಿಯೇ ಇದ್ದಿತು. ಎಳೆದೊಯ್ದ ಕೂಲಿಗೆಂದು ಕಾರಿಗೆ ೧,೫೦೦ ರೂಪಾಯಿಯವರೆಗೆ ಕೊಡುವ ಒಂದು ವಾಕ್ಯವೇನೋ ಉಂಟು. ಅದೂ ಅಪಘಾತವಾದಾಗ ಮಾತ್ರ. ಆದರೆ ಬಂಡಿಯನ್ನು ರಸ್ತೆ, ರೈಲು, ಒಳನಾಡಿನ ಜಲಮಾರ್ಗ ಇವುಗಳಲ್ಲಿ ಸಾಗಿಸುವಾಗ ಆದ ಹಾನಿಯನ್ನು ತುಂಬಿಕೊಡುವುದಾಗಿ ಮೊದಲನೆಯ ಪ್ರಕರಣದಲ್ಲಿಯೇ ಬರೆದಿದೆ. ನೇಪಾಳದ ವಿಸ್ತರಣೆಗೆ ಹಣ ಸಂದಿದೆ. ಹಾಗಿದ್ದ ಮೇಲೆ ಲಾರಿಯ ಮೇಲೆ ನುಗ್ಗಿದ ಬಾಗಿಲು ಕ್ಲಚ್ಚಿನ ಬೆನ್ನಿಗೆ ಏಕೆ ಹೋಗಬೇಕು?

ಅವರು ಎರಡನ್ನೂ ಬೇರ್ಪಡಿಸಿ ಕಂಪನಿಯ ದೂರು ವಿಚಾರಣೆಯ ಅಧಿಕಾರಿಗೆ ಬರೆದರು. ಕ್ಲಚ್ಚಿಗೆ ಏನನ್ನೂ ಕೇಳಲಿಲ್ಲ; ಬಾಗಿಲಿಗೆ ಕೇಳಿದರು. ಚಿತ್ರಗಳೂ, ಸುದ್ದಿ ಕೊಟ್ಟ ದಿನವೂ, ರಿಪೇರಿಯಾಗದ ಬಾಗಿಲೂ ಕಣ್ಣೆದುರಿಗಿದ್ದುವು. ಸರ್ವೇಯರು ಬಂದು ನೋಡಿದರು. ಚಿಕ್ಕ ಕಾರುಗಳ ಒಡೆಯನು ತಾನೇ ಹೊರಬೇಕಾದ ೧,೦೦೦ ರೂಪಾಯಿಯನ್ನು ಕಳೆದು ಉಳಿದುದನ್ನು ಕಂಪನಿಯು ಸಲ್ಲಿಸಿತು. ಕ್ಲಚ್ಚಿನ ಹಣ ಹೋದುದು ಹೋಯಿತು. ಏಜೆಂಟನನ್ನು ಕರೆದು ಉಪಾಧ್ಯಾಯರು ಹೇಳಿದುದಿಷ್ಟೇ: "ಇನ್ನು ಮುಂದೆ ಯಾರಿಗೂ 'ಎಲ್ಲಿ ನಿಂತರೂ' ಎನ್ನಬೇಡಪ್ಪ, 'ಸೋನೌಲಿಯ ಈಚೆಗೆ ನಿಂತರೆ' ಎನ್ನು."

ಕಂಪನಿಯು ಒಪ್ಪದಿದ್ದರೂ ದಾರಿಯಿದ್ದಿತು. ಲಿಖಿತ ದೂರಿಗೆ ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ, ೨೦೧೭ರ ನಿಯಮಗಳಂತೆ ವಿಮಾ ಒಂಬುಡ್ಸ್‌ಮನ್ನರಲ್ಲಿ ಶುಲ್ಕವಿಲ್ಲದೆ ದೂರಬಹುದು. ಅವರ ಕಚೇರಿಯೊಂದು ಬೆಂಗಳೂರಿನಲ್ಲಿಯೇ ಇದೆ. ಆದರೆ ಅವರ ಅಧಿಕಾರವಿರುವುದು ವಿಮೆಯವರ ಮೇಲೆ. ದಾರಿಸಹಾಯವನ್ನು ಬೇರೆ ಸಂಸ್ಥೆಯಿಂದ ಕೊಂಡವರು ಜಿಲ್ಲಾ ಗ್ರಾಹಕ ಆಯೋಗದ ಬಾಗಿಲನ್ನು ತಟ್ಟಬೇಕಾಗುವುದು. ಆದಕಾರಣ ವಾಗ್ದಾನ ಮಾಡಿದವರು ಯಾರೆಂಬುದನ್ನು ಮೊದಲೇ ತಿಳಿದಿರುವುದು ಲೇಸು.

ಇನ್ನೂ ದೂರ ಹೋಗುವವರ ಪಾಡು ಇನ್ನೂ ಕಠಿನ. ಹಲವು ದೇಶಗಳಿಗೆ ಬಂಡಿಯನ್ನೊಯ್ಯಲು 'ಕಾರ್ನೆ' ಎಂಬ ಸುಂಕದ ರಹದಾರಿ ಬೇಕು; ಭಾರತದಲ್ಲಿ ಅದನ್ನು ಕೊಡುವವರಲ್ಲಿ ೧೯೧೯ರಲ್ಲಿ ಸ್ಥಾಪಿತವಾದ ಮುಂಬಯಿಯ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ನು ಒಂದು. ಅದಕ್ಕೆ ಜಾಮೀನು ಇಡಬೇಕು. ಕೆಟ್ಟ ಬಂಡಿಯನ್ನು ಅಲ್ಲಿಯೇ ಬಿಟ್ಟು ಬಂದರೆ ಆ ದೇಶದ ಸುಂಕವೆಲ್ಲ ಜಾಮೀನಿನ ಮೇಲೆ ಬೀಳುವುದು. ದುಬಾಯಿಯಲ್ಲಿರುವ ಕನ್ನಡ ಕುಟುಂಬಗಳು ಮಳೆಗಾಲದ ಹಸುರನ್ನು ನೋಡಲು ಒಮಾನಿನ ಸಲಾಲಾಕ್ಕೆ ಬಂಡಿಯಲ್ಲಿ ಹೋಗುವಾಗಲೂ ಅಲ್ಲಿಗೆ ಸಲ್ಲುವ 'ಕಿತ್ತಳೆ ಚೀಟಿ' ಎಂಬ ವಿಮಾಪತ್ರವನ್ನು ಪಡೆಯಬೇಕು. ಅದೂ ಅನ್ಯರ ಹಾನಿಯ ಹೊಣೆಯನ್ನು ಹೊರುವುದೇ ಹೊರತು ಮರಳುಗಾಡಿನಲ್ಲಿ ನಿಂತ ಬಂಡಿಯನ್ನು ಎಳೆದುತರುವುದಿಲ್ಲ.

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ ಆಗಬಾರದೆಂಬುವವರು ಹೊರಡುವುದಕ್ಕೆ ಮುಂಚೆ ನಾಲ್ಕು ಕೆಲಸಗಳನ್ನು ಮಾಡತಕ್ಕದ್ದು. ದಾರಿಸಹಾಯದ ಎಲ್ಲೆ ಯಾವುದೆಂಬುದನ್ನು ಬಾಯಿಮಾತಿನಲ್ಲಲ್ಲದೆ ಬರಹದಲ್ಲಿ ಕೇಳಿ ಪಡೆಯುವುದು. ಪರದೇಶದಿಂದಲೂ ಸೇರುವ ಫೋನು ಸಂಖ್ಯೆಯನ್ನು ಬರೆದುಕೊಳ್ಳುವುದು. ಸಾವಿರಾರು ಮೈಲಿಯ ಹಾದಿಗೆ ಮುಂಚೆ ಕ್ಲಚ್ಚು, ಬ್ರೇಕು, ಬೆಲ್ಟುಗಳನ್ನು ಪರೀಕ್ಷಿಸಿಸುವುದು. ರಿಪೇರಿಗೂ ಎರಡು ದಿನದ ತಂಗುವಿಕೆಗೂ ಸಾಲುವಷ್ಟು ಹಣವನ್ನು ಬೇರೆಯಾಗಿ ಕಟ್ಟಿಡುವುದು. ದೇವನಹಳ್ಳಿಯ ಆ ಉಪಾಧ್ಯಾಯರು ಈ ನಾಲ್ಕನ್ನೂ ಒಂದು ರಟ್ಟಿನ ಮೇಲೆ ದಪ್ಪಕ್ಷರಗಳಲ್ಲಿ ಬರೆದಿಟ್ಟಿದ್ದಾರೆ. ಕಾಶಿಗೆ ಹೊರಡುವ ನೆರೆಹೊರೆಯವರು ಗಂಗೆಯ ತಂಬಿಗೆಯೊಡನೆ ಅದನ್ನೂ ಎರವಲು ಕೇಳಿಕೊಂಡು ಹೋಗುತ್ತಾರಂತೆ.