ರಸ್ತೆಯ ಆಚೆಗಿನ ಶಾಲೆ

ಅಮೆರಿಕದಲ್ಲಿ ಮನೆ ಕೊಳ್ಳುವ ನಮ್ಮವರು ದೇವರಮನೆಗೆ ಜಾಗವಿದೆಯೇ ಎಂದು ನೋಡುವುದು ಆಮೇಲೆ. ಮೊದಲು ನೋಡುವುದು ಆ ಮನೆ ಯಾವ ಶಾಲೆಗೆ ಸೇರುತ್ತದೆ, ಆ ಶಾಲೆಗೆ ಹತ್ತಕ್ಕೆ ಎಷ್ಟು ಅಂಕ ಎಂದು. ಮನೆ ಮಾರಾಟದ ವೆಬ್‌ಸೈಟುಗಳಲ್ಲಿ ಬೆಡ್‌ರೂಮುಗಳ ಲೆಕ್ಕದ ಜೊತೆಗೇ ಈ ಅಂಕವೂ ಇರುತ್ತದೆ. ಟೆಕ್ಸಸ್‌ನಲ್ಲಿರುವ ನನ್ನ ತಂಗಿ ಮನೆ ಹುಡುಕುವಾಗ ನಾನೂ ಅವಳ ಜೊತೆ ತಿರುಗಿದೆ. ಹೆಚ್ಚುಕಡಿಮೆ ಒಂದೇ ಅಳತೆಯ ಎರಡು ಮನೆಗಳ ಬೆಲೆಯಲ್ಲಿ ಅಜಗಜಾಂತರ. ‘ಈ ರಸ್ತೆ ದಾಟಿದರೆ ಸ್ಕೂಲ್ ಡಿಸ್ಟ್ರಿಕ್ಟ್ ಬೇರೆ ಅಕ್ಕಾ, ಅದಕ್ಕೆ’ ಎಂದಳು. ಎರಡೂ ಕಡೆ ಸರ್ಕಾರಿ ಶಾಲೆಯೇ, ಫೀಸಿಲ್ಲ. ಆದರೆ ಆ ಫೀಸು ಮನೆಯ ಬೆಲೆಯೊಳಗೆ ಸೇರಿಕೊಂಡಿದೆ.

ಅಲ್ಲಿನ ಶಾಲೆಗಳಿಗೆ ಬರುವ ಹಣದಲ್ಲಿ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯದು. ಉಳಿದದ್ದರಲ್ಲಿ ಬಹುಪಾಲು ರಾಜ್ಯದ್ದು, ಒಕ್ಕೂಟ ಸರ್ಕಾರದ್ದು ಅಲ್ಪ. ಮನೆಗಳ ಬೆಲೆ ಹೆಚ್ಚಿರುವ ಕಡೆ ಶಾಲೆಗೂ ಸಲೀಸಾಗಿ ಹಣ ಹುಟ್ಟುತ್ತದೆ.

ಇದನ್ನು ಪ್ರಶ್ನಿಸಿದವರ ಕಥೆಯೂ ಟೆಕ್ಸಸ್‌ನದೇ. ಸ್ಯಾನ್ ಆಂಟೋನಿಯೊ ನಗರದ ಎಡ್ಜ್‌ವುಡ್, ಮೆಕ್ಸಿಕನ್ ಮೂಲದ ಬಡವರ ಪ್ರದೇಶ. 1968ರ ಮೇ ತಿಂಗಳಲ್ಲಿ ಅಲ್ಲಿನ ಹೈಸ್ಕೂಲಿನ ಸುಮಾರು 400 ಮಕ್ಕಳು ತರಗತಿ ಬಿಟ್ಟು ಹೊರನಡೆದರು. ಅದೇ ವರ್ಷ ಡಿಮಿಟ್ರಿಯೊ ರೊಡ್ರಿಗಸ್ ಮತ್ತಿತರ ಪೋಷಕರು ಕೋರ್ಟಿಗೆ ಹೋದರು. ಆ ಮೊಕದ್ದಮೆಯ ಅಂಕಿಗಳನ್ನು ಓದಿ ನನಗೆ ಬಹಳ ಹೊತ್ತು ಬೇರೇನೂ ಓದಲಾಗಲಿಲ್ಲ. ಎಡ್ಜ್‌ವುಡ್‌ನವರು ಆಸ್ತಿಯ ಪ್ರತಿ 100 ಡಾಲರಿಗೆ 1.05 ಡಾಲರ್ ತೆರಿಗೆ ಕಟ್ಟುತ್ತಿದ್ದರು. ಅದರಿಂದ ಶಾಲೆಯ ಖರ್ಚಿಗೆ ಒಂದು ಮಗುವಿನ ಪಾಲಿಗೆ ಸೇರುತ್ತಿದ್ದದ್ದು 26 ಡಾಲರ್. ಅದೇ ನಗರದ ಶ್ರೀಮಂತ ಅಲಾಮೊ ಹೈಟ್ಸ್‌ನವರು ಕಟ್ಟುತ್ತಿದ್ದದ್ದು 85 ಸೆಂಟ್, ಸೇರುತ್ತಿದ್ದದ್ದು 333 ಡಾಲರ್. ಬಡವರು ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟಿಯೂ ಹಿಂದೆ ಉಳಿದಿದ್ದರು. ಬಡವರಿಗೆ ಓದಿನ ಬೆಲೆ ಗೊತ್ತಿಲ್ಲ ಎನ್ನುವವರು ಈ ಲೆಕ್ಕವನ್ನೊಮ್ಮೆ ನೋಡಬೇಕು.

1973ರಲ್ಲಿ ಸುಪ್ರೀಂ ಕೋರ್ಟ್ 5–4ರ ಬಹುಮತದಿಂದ ಅವರ ವಿರುದ್ಧ ತೀರ್ಪಿತ್ತಿತು. ಶಿಕ್ಷಣ ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು. ಭಿನ್ನ ತೀರ್ಪು ಬರೆದವರಲ್ಲಿ ಥರ್ಗುಡ್ ಮಾರ್ಷಲ್ ಒಬ್ಬರು. ಕಪ್ಪು ಮತ್ತು ಬಿಳಿ ಮಕ್ಕಳಿಗೆ ಬೇರೆಬೇರೆ ಶಾಲೆ ಕೂಡದೆಂದು 1954ರಲ್ಲಿ ಬಂದ ‘ಬ್ರೌನ್’ ತೀರ್ಪಿಗಾಗಿ ವಾದಿಸಿದ್ದ ವಕೀಲರು ಇವರೇ. ಚರ್ಮದ ಬಣ್ಣ ನೋಡಿ ಹಾಕಿದ್ದ ಬೇಲಿಯನ್ನು ಕಾನೂನು ಕಿತ್ತಿತು; ಮನೆಯ ಬೆಲೆ ಹಾಕಿದ ಬೇಲಿಯನ್ನು ಮುಟ್ಟಲಿಲ್ಲ. ಮುಂದೆ 1989ರಲ್ಲಿ ಟೆಕ್ಸಸ್‌ನ ಸುಪ್ರೀಂ ಕೋರ್ಟ್, ಆ ರಾಜ್ಯದ ಸಂವಿಧಾನದ ಆಧಾರದಲ್ಲಿ, ಎಡ್ಜ್‌ವುಡ್ ಪರ ತೀರ್ಪು ಕೊಟ್ಟಿತು. ಶ್ರೀಮಂತ ಡಿಸ್ಟ್ರಿಕ್ಟುಗಳ ಹಣದಲ್ಲಿ ಒಂದು ಪಾಲು ರಾಜ್ಯದ ಮೂಲಕ ಉಳಿದವರಿಗೆ ಹೋಗುವ ಏರ್ಪಾಡೂ ಆಯಿತು. ಅಂತರ ತಗ್ಗಿತು, ಅಳಿಯಲಿಲ್ಲ.

ಇದನ್ನೆಲ್ಲ ತಂಗಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ: ‘ಹಾಗಂತ ನನ್ನ ಮಗಳನ್ನು ಮೂರು ಅಂಕದ ಶಾಲೆಗೆ ಹಾಕಲಾ?’ ನನ್ನಲ್ಲಿ ಉತ್ತರ ಇರಲಿಲ್ಲ. ಅವಳು ತಾಯಿ, ಕೈಲಾದಷ್ಟು ಒಳ್ಳೆಯದನ್ನೇ ಆರಿಸುತ್ತಾಳೆ. ಆದರೆ ಹೀಗೆ ಆರಿಸುವ ಪ್ರತಿ ಕುಟುಂಬದ ಜೊತೆ ಆ ಕಡೆಯ ಬೆಲೆ ಇನ್ನಷ್ಟು ಏರುತ್ತದೆ, ಈ ಕಡೆಯ ಶಾಲೆಗಾಗಿ ದನಿಯೆತ್ತುವ ಒಬ್ಬ ಪೋಷಕರು ಕಡಿಮೆಯಾಗುತ್ತಾರೆ. ಯಾರೂ ಕೆಟ್ಟವರಾಗದೆಯೇ ಅನ್ಯಾಯ ನಡೆದುಹೋಗುತ್ತದೆ.

ತಂಗಿ ರಸ್ತೆಯ ಆಚೆಗಿನ ಮನೆಯನ್ನೇ ಕೊಂಡಳು. ಅವಳು ಕೇಳಿದ ಪ್ರಶ್ನೆಯನ್ನು ಈಚೆಗಿನ ತಾಯಂದಿರೂ ಕೇಳುತ್ತಿರುತ್ತಾರೆ. ಅವರಿಗೆ ಆರಿಸಲು ಇನ್ನೊಂದು ಮನೆ ಇರುವುದಿಲ್ಲ, ಅಷ್ಟೇ.