ವಸ್ತಿಗೆ ಜಾಗ ಐತೇನ್ರಿ?

ಪ್ರವಾಸ ಹೊರಡುವ ಮುನ್ನ ರೂಮು ಗೊತ್ತು ಮಾಡಿಕೊಳ್ಳುವುದು ಅಂಜುಬುರುಕರ ಲಕ್ಷಣ ಎಂಬುದು ನಮ್ಮ ಭಾವನವರ ಅಭಿಪ್ರಾಯ. ಇದು ಅವರಿಗೆ ಒಮಾನಿನಲ್ಲಿ ಅಂಟಿಕೊಂಡದ್ದು. ಹನ್ನೊಂದು ವರ್ಷ ಮಸ್ಕತ್‌ನಲ್ಲಿ ದುಡಿದ ಅವರು ಒಂದು ಜುಲೈಯಲ್ಲಿ ಮೋಟಾರ್ ಸೈಕಲ್ ಹತ್ತಿ ಸಲಾಲಕ್ಕೆ ಹೋಗಿದ್ದರು. ನಿಝ್ವಾ, ಹೈಮಾ, ತುಮ್ರೈತ್ ದಾಟಿ ಸುಮಾರು ಸಾವಿರ ಕಿಲೋಮೀಟರ್, ಹೆಚ್ಚಿನದೆಲ್ಲ ಮರುಭೂಮಿ. ಜೂನ್ 21ರಿಂದ ಸೆಪ್ಟೆಂಬರ್ 21ರವರೆಗೆ ಅಲ್ಲಿ 'ಖರೀಫ್'. ಇಡೀ ಗಲ್ಫ್ ಕಾದ ಹೆಂಚಿನಂತೆ ಸುಡುತ್ತಿರುವಾಗ ಸಲಾಲದ ಬೆಟ್ಟಗಳಿಗೆ ಮಾತ್ರ ಅರಬಿ ಸಮುದ್ರದ ಮಂಜು ಬಂದು ತಾಗಿ, ನೆಲವೆಲ್ಲ ನಮ್ಮ ಮಡಿಕೇರಿಯಂತೆ ಹಸಿರಾಗುತ್ತದೆ. ಹಸಿರು ಕಾಣಲು ಅರಬರು ಮನೆಮಂದಿ ಸಮೇತ ನುಗ್ಗುತ್ತಾರೆ. ಹೋಟೆಲುಗಳಲ್ಲಿ ಜಾಗ ಸಿಗದ ಭಾವ ಬೆಟ್ಟದ ಬಯಲಿನಲ್ಲಿ ಡೇರೆ ಹಾಕಿದರಂತೆ. ಪಕ್ಕದ ಡೇರೆಯವರು ಖರ್ಜೂರ, ಕಹ್ವಾ ಕಳಿಸಿದರಂತೆ. ಕತೆ ಇಷ್ಟೇ. ಆದರೆ ನಮ್ಮ ಮನೆಯಲ್ಲಿ ಇದು ಇಪ್ಪತ್ತು ಸಲವಾದರೂ ಕೇಳಿದ ಕತೆ.

ಆದ್ದರಿಂದ 2024ರ ಜನವರಿಯಲ್ಲಿ ಬುಲೆಟ್ ಮೇಲೆ ಬಾಗಲಕೋಟೆ ಜಿಲ್ಲೆ ಸುತ್ತಿ ಬರೋಣ ಎಂದು ನಾವಿಬ್ಬರು ಹೊರಟಾಗ, ರೂಮಿನ ಮಾತೇ ಬರಲಿಲ್ಲ. ಸಲಾಲದ ಡೇರೆಯನ್ನು ಬೈಕಿನ ಹಿಂಬದಿಗೆ ಕಟ್ಟಿದೆವು. ದಿನ ಆರಿಸಿಕೊಂಡದ್ದೂ ನಾವೇ, ಅದೂ ತಿಳಿಯದೆ. ಜನವರಿ 25 ಬನದ ಹುಣ್ಣಿಮೆ, ಬಾದಾಮಿಯ ಬನಶಂಕರಿಯ ತೇರು. ಮರುದಿನ ಶುಕ್ರವಾರ ಗಣರಾಜ್ಯೋತ್ಸವ. ಅದರ ಬೆನ್ನಿಗೆ ಶನಿವಾರ, ಭಾನುವಾರ. ಬೆಂಗಳೂರಿನ ಅರ್ಧ ಜನ ಕಾರು ಹತ್ತುವ ದಿನಗಳು.

ಉಮ್ಮನಿಗೆ ಬೇರೆಯೇ ಚಿಂತೆ. ಅದೇ ವಾರ, 22ರಂದು, ಅಯೋಧ್ಯೆಯ ಮಂದಿರದ ಪ್ರಾಣಪ್ರತಿಷ್ಠೆ ನಡೆದಿತ್ತು. ನಮ್ಮೂರಿನ ರಸ್ತೆಗಳ ಮೇಲೆ ಬಾವುಟಗಳು ಇನ್ನೂ ಇಳಿದಿರಲಿಲ್ಲ. ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲವೆಂದು 2022ರಲ್ಲಿ ಕಟ್ಟಿದ ಬ್ಯಾನರುಗಳನ್ನು ಉಮ್ಮ ಮರೆತಿರಲಿಲ್ಲ. "ಈ ವಾರವೇ ಯಾಕೆ? ಅದೂ ಜಾತ್ರೆಗೆ?" ಎಂದರು. ನಾವು ವ್ಯಾಪಾರಕ್ಕೆ ಹೋಗುತ್ತಿಲ್ಲವಲ್ಲ ಎಂದು ನಕ್ಕೆವು. ನಗು ನಮಗೇ ಅಷ್ಟಾಗಿ ಒಪ್ಪಿಗೆಯಾಗಲಿಲ್ಲ ಎಂಬುದನ್ನು ಈಗ ಹೇಳಬಹುದು.

ಹುಬ್ಬಳ್ಳಿಯಲ್ಲಿ ನೆಂಟರ ಮನೆಯಲ್ಲಿ ಒಂದು ರಾತ್ರಿ ಕಳೆದು, ನವಲಗುಂದ, ನರಗುಂದ, ಕೆರೂರು ದಾಟಿ ಮಧ್ಯಾಹ್ನದ ಹೊತ್ತಿಗೆ ಬಾಗಲಕೋಟೆ ಸೇರಿದೆವು. ಮಸ್ಕತ್‌ನಲ್ಲಿ ಭಾವನ ಜೊತೆಗಿದ್ದ ಗೆಳೆಯರೊಬ್ಬರ ಮನೆ ಅಲ್ಲಿನ ನವನಗರದಲ್ಲಿದೆ. ಊಟ ಮುಗಿಸಿ ಅವರು ನಮ್ಮನ್ನು ಹಳೆ ಊರಿನ ಅಂಚಿಗೆ ಕರೆದೊಯ್ದರು. ಬೀದಿ ನೆಟ್ಟಗೆ ಹೋಗಿ ನೀರಿನಲ್ಲಿ ಮುಗಿಯುತ್ತದೆ. ಆಲಮಟ್ಟಿಗೆ ಅಡಿಗಲ್ಲು ಬಿದ್ದದ್ದು 1964ರಲ್ಲಿ. ನೀರು ನಿಲ್ಲಿಸುವ ಮಟ್ಟ 519.6 ಮೀಟರ್ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2000ದಲ್ಲಿ. ಈ ಲೆಕ್ಕದ ಚುಕ್ಕೆ-ಅಂಕಿ ಸಮೇತ ಇಲ್ಲಿನ ಮಕ್ಕಳಿಗೂ ಬಾಯಿಪಾಠ. "ಅಲ್ಲಿ ನೋಡ್ರಿ, ಆ ಜಾಲಿ ಗಿಡದ ಆಚೀಕ, ನಮ್ಮ ಪಡಸಾಲಿ ಇತ್ತು" ಎಂದು ಗೆಳೆಯರು ಕೈ ತೋರಿಸಿದರು. ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಬೆಳ್ಳಕ್ಕಿ ನಿಂತಿತ್ತು. ಅವರ ತಾಯಿ ನವನಗರದ ಮನೆಗೆ ಬಂದ ಮೇಲೂ ಎಷ್ಟೋ ತಿಂಗಳು ಪಾತ್ರೆಪಗಡಗಳನ್ನು ಗೋಣಿಚೀಲದಿಂದ ಹೊರಗೆ ತೆಗೆಯಲಿಲ್ಲವಂತೆ.

"ರಾತ್ರಿ ಇಲ್ಲೇ ಇರ್ರಿ, ಜಾತ್ರಿ ದಿನ ಬಾದಾಮ್ಯಾಗ ನಿಮಗ ನಿಲ್ಲಾಕೂ ಜಾಗ ಸಿಗೂದಿಲ್ಲ" ಎಂದು ಅವರು ಬಗೆಬಗೆಯಾಗಿ ಹೇಳಿದರು. ಭಾವ ಡೇರೆಯ ಕಡೆ ನೋಡಿ ಮುಗುಳ್ನಕ್ಕರು. ಆ ನಗೆಯ ಬೆಲೆ ಆರು ತಾಸಿನ ಅಲೆದಾಟ.

ಬಾದಾಮಿ ಸೇರಿದಾಗ ಸಂಜೆ. ಮೊದಲನೇ ಲಾಡ್ಜಿನವನು ನಾವು ಹೆಲ್ಮೆಟ್ ತೆಗೆಯುವ ಮೊದಲೇ ಕೈ ಅಲ್ಲಾಡಿಸಿದ. ಎರಡನೆಯದರಲ್ಲಿ ವರಾಂಡದಲ್ಲೂ ಗಾದಿ ಹಾಸಿದ್ದರು. ಮೂರನೆಯದರಲ್ಲಿ "ಮೂರು ತಿಂಗಳ ಹಿಂದ ಬುಕ್ ಆಗ್ಯಾವ್ರಿ" ಎಂದರು. ನಾಲ್ಕನೆಯದು ರೈಲು ನಿಲ್ದಾಣದ ದಾರಿಯ ಒಂದು ಚಿಕ್ಕ ಲಾಡ್ಜು. ಕೌಂಟರಿನ ಹುಡುಗ "ಒಂದು ಖಾಲಿ ಐತ್ರಿ, ಸಾವಿರದೆಂಟ್ನೂರು" ಎಂದ. ಒಪ್ಪಿದೆವು. ಆಧಾರ್ ಕೇಳಿದ, ಕೊಟ್ಟೆವು. ಅವನು ಕಾರ್ಡು ನೋಡಿ, ಒಳಗೆ ಹೋಗಿ ಯಾರೊಂದಿಗೋ ಮಾತಾಡಿ ಬಂದ. "ಇಲ್ರಿ, ಅದೂ ಫೋನಿನ್ಯಾಗ ಬುಕ್ ಆಗೇತಂತ. ನನಗ ಗೊತ್ತಿರಲಿಲ್ಲ." ಕಾರ್ಡುಗಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಿರುಗಿಸಿದ.

ನಿಜಕ್ಕೂ ಫೋನು ಬಂದಿರಬಹುದು. ಅಂಥ ದಿನ ಒಂದೇ ಕೋಣೆಗೆ ಹತ್ತು ಫೋನು ಬರುತ್ತವೆ. ಹುಡುಗನ ಮುಖದಲ್ಲಿ ಸಂಕೋಚವೂ ಇತ್ತು. ಆದರೆ ಸಂಕೋಚಕ್ಕೆ ಕಾರಣ ಎರಡಿರಬಹುದು. ಹೊರಗೆ ಬಂದು ಬೈಕಿಗೆ ಕಿಕ್ ಹೊಡೆಯುವವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಆಮೇಲೆಯೂ ಅದರ ಬಗ್ಗೆ ಮಾತಾಡಲಿಲ್ಲ. ಈ ಕಾಲದ ದೊಡ್ಡ ಉಪದ್ರವ ಇದೇ ಇರಬೇಕು. ಜಾಗ ಇಲ್ಲ ಎಂಬ ಸಾದಾ ಮಾತನ್ನು ಸಾದಾ ಮಾತಾಗಿ ಕೇಳಿಸಿಕೊಳ್ಳುವ ಕಿವಿಯನ್ನೇ ಕಳೆದುಕೊಂಡಿದ್ದೇವೆ.

ಡೇರೆ ಇದೆಯಲ್ಲ ಎಂದು ಅಗಸ್ತ್ಯ ತೀರ್ಥದ ಕಡೆ ಹೋದೆವು. ಗುಹೆಗಳ ಬುಡದಲ್ಲೇ ಆದಿಲ್‌ಶಾಹಿ ಕಾಲದ ಮಲಿಕ್ ಅಬ್ದುಲ್ ಅಝೀಝರ ಗೋರಿ ಇದೆ. ಮೇಲೆ ಚಾಲುಕ್ಯರ ಗುಹೆಗಳು. ಅವುಗಳಲ್ಲಿ ಮೂರನೆಯದರ ಶಾಸನ 578ರದು. ಎರಡರ ನಡುವೆ ನಮಗೊಂದು ಆರಡಿ ನೆಲ ಸಿಕ್ಕೀತು ಎಂಬ ನಮ್ಮ ಆಸೆಗೆ ಕಾವಲುಗಾರರು ನಯವಾಗಿಯೇ ತಣ್ಣೀರು ಎರಚಿದರು. ಸಂರಕ್ಷಿತ ಪ್ರದೇಶ, ಡೇರೆ ಹಾಕುವಂತಿಲ್ಲ. "ಹಾಕಿದ್ರೂ ಮಂಗ್ಯಾ ಬಿಡೂದಿಲ್ರಿ, ಹರದು ಹಾಕ್ತಾವ." ಬಾದಾಮಿಯ ಮಂಗಗಳನ್ನು ಕಂಡವರಾರೂ ಈ ಮಾತಿಗೆ ಎದುರಾಡುವುದಿಲ್ಲ.

ನಾರ್ವೆಯಲ್ಲಿ 1957ರಿಂದಲೂ ಒಂದು ಕಾನೂನಿದೆ. ಬೇಸಾಯವಿಲ್ಲದ ನೆಲದಲ್ಲಿ, ಯಾವುದೇ ಮನೆಯಿಂದ 150 ಮೀಟರ್ ದೂರದಲ್ಲಿ, ನೆಲ ಯಾರದ್ದಾದರೂ ಸರಿ, ಯಾರನ್ನೂ ಕೇಳದೆ ಎರಡು ರಾತ್ರಿ ಡೇರೆ ಹಾಕಬಹುದು. ನಮ್ಮಲ್ಲಿ ಅಂಥ ಕಾನೂನಿಲ್ಲ. ಆದರೆ ಈ ಸೀಮೆಯಲ್ಲಿ 'ವಸ್ತಿ' ಎಂಬ ಶಬ್ದವಿದೆ. ರಾತ್ರಿ ಹಳ್ಳಿಯಲ್ಲೇ ಉಳಿದು ಮುಂಜಾನೆ ಹಿಂದಿರುಗುವುದು ವಸ್ತಿ ಬಸ್ಸು. ಸುಗ್ಗಿ ಮುಗಿದ ಹೊಲದಲ್ಲಿ ಕುರಿಗಾರರು ಹಿಂಡು ನಿಲ್ಲಿಸಿ ಮಲಗುವುದೂ ವಸ್ತಿಯೇ. ಹೊಲದವನು ಅವರನ್ನು ತಾನಾಗಿ ಕರೆಯುತ್ತಾನೆ, ಗೊಬ್ಬರದ ಆಸೆಗೆ ಕಾಳು-ಕಡಿ ಕೊಟ್ಟು ಕರೆಯುತ್ತಾನೆ. ನಮ್ಮ ಬಳಿ ಕುರಿಗಳಿರಲಿಲ್ಲ, ಅಷ್ಟೇ.

ಬನಶಂಕರಿ ಬಾದಾಮಿಯಿಂದ ಐದು ಕಿಲೋಮೀಟರ್. ನಾವು ತಲುಪುವಾಗ ತೇರು ಎಳೆದಾಗಿತ್ತು. ಹರಿದ್ರಾ ತೀರ್ಥದ ಕಲ್ಲಿನ ಮಂಟಪಗಳ ಉದ್ದಕ್ಕೂ ಜನ ಮಲಗಿದ್ದರು. ಚಕ್ಕಡಿ, ಟ್ರ್ಯಾಕ್ಟರುಗಳ ಅಡಿಯಲ್ಲೂ ಮಲಗಿದ್ದರು. ಈ ಜಾತ್ರೆ ತಿಂಗಳುಗಟ್ಟಲೆ ನಡೆಯುವಂಥದ್ದು. ನಾಟಕ ಕಂಪನಿಗಳು ಬಂದು ಬೀಡು ಬಿಡುತ್ತವೆ, ಒಂದರ ಪಕ್ಕದಲ್ಲಿ ಒಂದು ತಗಡಿನ ಥಿಯೇಟರು. ಒಂದರ ನಾಯಕಿ ಅಳುವಾಗ ಇನ್ನೊಂದರ ಹಾಸ್ಯಗಾರ ಮೈಕಿನಲ್ಲಿ ಕೇಕೆ ಹಾಕುತ್ತಿದ್ದ. ಅಲ್ಲಿಂದ ಆಚೆಗೆ ಬಾಗಿಲುಗಳ ಸಾಲು. ಬನಶಂಕರಿ ಜಾತ್ರೆಯಲ್ಲಿ ಮನೆಯ ಬಾಗಿಲು, ಚೌಕಟ್ಟುಗಳ ವ್ಯಾಪಾರ ಜೋರು. ಮನೆ ಕಟ್ಟುವವರು ವರ್ಷವಿಡೀ ಕಾದು ಇಲ್ಲಿ ಬಂದು ಕೊಳ್ಳುತ್ತಾರೆ. ಬಯಲಿನಲ್ಲಿ ಗೋಡೆಯಿಲ್ಲದೆ, ಮಾಡಿಲ್ಲದೆ ನೂರಾರು ಬಾಗಿಲುಗಳು ಬೆಳದಿಂಗಳಲ್ಲಿ ನಿಂತಿದ್ದವು.

ಅಂಥ ಒಂದು ಸಾಲಿನ ಎದುರು ಅಜ್ಜರೊಬ್ಬರು ಬೀಡಿ ಸೇದುತ್ತ ಕುಳಿತಿದ್ದರು. ಕಲಿತ ಪಾಠವನ್ನು ಒಪ್ಪಿಸಿದೆವು. "ಅಜ್ಜಾರ, ವಸ್ತಿಗೆ ಜಾಗ ಐತೇನ್ರಿ?"

ನಮ್ಮ ಕರಾವಳಿಯ ನಾಲಗೆಯಲ್ಲಿ ಆ ಮಾತು ಹೇಗೆ ಕೇಳಿಸಿತೋ, ಅಜ್ಜ ಮನಸಾರೆ ನಕ್ಕರು. "ಬೇಕಾದಷ್ಟು ಐತಿ. ಬಾಗಲಾ ಅದಾವ, ಮನಿ ಇಲ್ಲ. ಎಲ್ಲಿಯವರ್ರಿ ನೀವು? ಹೆಸರೇನು?"

ಮತ್ತೆ ಹೆಸರು. ಒಂದು ಕ್ಷಣ ನಾವು ಪರಸ್ಪರ ಮುಖ ನೋಡಿಕೊಂಡೆವು. ಲಾಡ್ಜಿನ ಹುಡುಗನ ಎರಡು ಕೈಗಳು ಕಣ್ಣ ಮುಂದೆ ಬಂದವು. ಇನ್ನೇನಾದರೂ ಹೇಳಿಬಿಡೋಣವೆ ಎಂಬ ಯೋಚನೆ ಬಂತೆಂದು ಹೇಳಲು ನಾಚಿಕೆಯಾಗುತ್ತದೆ, ಆದರೆ ಬಂದದ್ದು ನಿಜ. ಭಾವ ಇಬ್ಬರ ಹೆಸರನ್ನೂ ಪೂರ್ತಿಯಾಗಿ ಹೇಳಿದರು, ಸ್ವಲ್ಪ ದೊಡ್ಡ ದನಿಯಲ್ಲೇ.

"ಹಂಗಂದ್ರ ಇಲಕಲ್ಲ ದರ್ಗಾಕ್ಕ ಹೊಂಟೀರೇನು? ನಾವು ಆ ಕಡಿಯವರ, ಹುನಗುಂದದ ಹತ್ತರ ಹಳ್ಳಿ. ನಮ್ಮವ್ವ ಇರೂತನಕಾ ವರ್ಷಕ್ಕೊಮ್ಮೆ ಅಲ್ಲಿ ಸಕ್ರಿ ಓದಿಸಿಕೊಂಡು ಬರತಿದ್ಲು." ಅಷ್ಟು ಹೇಳಿ ಅವರು ಎದ್ದು, ಎರಡು ಚೌಕಟ್ಟು ಪಕ್ಕಕ್ಕೆ ಸರಿಸಿ ನಮಗೆ ನೆಲ ತೋರಿಸಿದರು.

ಡೇರೆ ಬಿಚ್ಚಿದರೆ ಒಂದು ಕಂಬಿ ಇಲ್ಲ. ಹುಬ್ಬಳ್ಳಿಯಲ್ಲೇ ಉಳಿದಿತ್ತು. ಸಲಾಲದ ವೀರರು ಕಡೆಗೆ ಡೇರೆಯನ್ನು ನೆಲಕ್ಕೆ ಹಾಸಿ, ಸಾಗುವಾನಿ ಬಾಗಿಲುಗಳ ಮರೆಯಲ್ಲಿ ಮಲಗಿದೆವು. ಅಜ್ಜ ಒಂದು ಕೌದಿ ಎಸೆದರು, "ಥಂಡಿ ಭಾಳ ಐತಿ." ನಾಟಕ ಬೆಳಗಿನ ಜಾವದವರೆಗೂ ನಡೆಯಿತು. ಕತೆ ನಮಗೆ ಕಂತುಕಂತಾಗಿ ತಿಳಿಯಿತು. ನಿದ್ದೆ ಬಂದಾಗ ನಾಯಕಿಗೆ ಮದುವೆ, ಎಚ್ಚರವಾದಾಗ ಗಂಡ ಜೈಲಿನಲ್ಲಿ.

ಫಜ್ರ್ ಹೊತ್ತಿಗೆ ಫೋನಿನ ಅಲಾರಂ ಹೊಡೆಯಿತು. ಟ್ಯಾಂಕರಿನ ನೀರಿನಲ್ಲಿ ಕೈಕಾಲು ತೊಳೆದು ನಮಾಝಿಗೆ ನಿಂತೆವು. ಆ ಹೊತ್ತಿಗಾಗಲೇ ಜನ ಕೊಡ ಹಿಡಿದು ನಮ್ಮ ಮುಂದಿನಿಂದಲೇ ಓಡಾಡುತ್ತಿದ್ದರು. ಸಲಾಂ ಹೇಳಿ ತಲೆ ತಿರುಗಿಸುವಾಗ ನೋಡಿದರೆ, ನಾವು ನಿಂತಾಗ ಇರದಿದ್ದ ಒಂದು ಬಾಗಿಲು ನಮ್ಮೆದುರು ನಿಂತಿತ್ತು. ಅಜ್ಜ ಅದನ್ನು ಯಾವಾಗಲೋ ಸದ್ದಿಲ್ಲದೆ ತಂದು ದಾರಿಗೆ ಅಡ್ಡ ಇಟ್ಟು ಹೋಗಿದ್ದರು. ನಾವು ಅದರ ಬಗ್ಗೆ ಕೇಳಲಿಲ್ಲ, ಅವರು ಹೇಳಲಿಲ್ಲ. ಅವರು ಆಗಲೇ ಗಿರಾಕಿಯೊಬ್ಬನ ಜೊತೆ ಚೌಕಾಸಿಗೆ ಇಳಿದಿದ್ದರು.

ನಾಷ್ಟಾಕ್ಕೆ ಗುಡಿಯ ಎದುರು ಬುಟ್ಟಿ ಹೊತ್ತು ಕುಳಿತ ಹೆಂಗಸರ ರೊಟ್ಟಿ. ಖಡಕ್ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಮಣ್ಣಿನ ಗಡಿಗೆಯ ಮೊಸರು. ಇದಕ್ಕಾಗಿಯೇ ಇನ್ನೊಮ್ಮೆ ಬರಬಹುದು.

ಪಟ್ಟದಕಲ್ಲು, ಐಹೊಳೆಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ನಾವು ಅಂದು ಕಂಡದ್ದು ಹೆಚ್ಚಾಗಿ ಕಾರುಗಳನ್ನು. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡು ಹೊರಟ ಸ್ವಲ್ಪ ಹೊತ್ತಿಗೆ ಕ್ಲಚ್ ವೈರು ತುಂಡಾಯಿತು. ಹೇಗೋ ಹುನಗುಂದ ಮುಟ್ಟಿದರೆ, ರಜೆಯ ದಿನ, ಅಂಗಡಿಗಳಿಗೆ ಬೀಗ. ಬಸ್ ನಿಲ್ದಾಣದ ಹತ್ತಿರ ಒಬ್ಬ ಮೆಕ್ಯಾನಿಕ್ ಧ್ವಜಾರೋಹಣದ ಬಿಳಿ ಅಂಗಿಯಲ್ಲೇ ಕುಳಿತು ಬೇರೆ ಗಾಡಿಯ ವೈರನ್ನು ಕತ್ತರಿಸಿ ಹೊಂದಿಸಿಕೊಟ್ಟರು. ಅಂಗಿಗೆ ಎಣ್ಣೆ ತಾಗಿತು. ಅದಕ್ಕೆ ನಾವು ಕೊಡಹೋದ ಹೆಚ್ಚಿನ ಹಣವನ್ನು ತೆಗೆದುಕೊಳ್ಳಲಿಲ್ಲ.

ಇಳಕಲ್ಲಿನಲ್ಲಿ ನಮಗೆ ಎರಡು ಕೆಲಸ. ಒಂದು, ಅಕ್ಕನಿಗೆ ಸೀರೆ. ನೇಕಾರರ ಓಣಿಯ ಒಂದು ಮನೆಯಲ್ಲಿ ಕುಣಿಮಗ್ಗದ ಮುಂದೆ ಕೂರಿಸಿ ತೋರಿಸಿದರು. ಮೈಯ ಹಾಸು ಒಂದು, ಸೆರಗಿನ ಕೆಂಪು ರೇಷ್ಮೆ ಹಾಸು ಇನ್ನೊಂದು. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸಬೇಕು, ಆಮೇಲಷ್ಟೇ ನೇಯ್ಗೆ. 2007ರಲ್ಲಿ ಈ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೆ ಕೈಮಗ್ಗದ ಸೀರೆಗೂ ಪವರ್‌ಲೂಮಿನದಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣದ ನಮ್ಮಂಥ ಗಿರಾಕಿಗಳಿಂದ ನೇಕಾರರಿಗೆ ಏನು ಸಿಕ್ಕೀತು? ತೋಪುತೆನಿ ಸೆರಗಿನದೊಂದನ್ನು ಕೊಂಡೆವು. ಎರಡನೆಯ ಕೆಲಸ ಮುರ್ತುಝಾ ಖಾದ್ರಿ ದರ್ಗಾ. ಅದು ನಮ್ಮ ಯೋಜನೆಯಲ್ಲಿ ಇರಲೇ ಇಲ್ಲ. ಅಜ್ಜ ಬೆಳಿಗ್ಗೆ ಐವತ್ತು ರೂಪಾಯಿ ಕೈಗಿಟ್ಟು, "ನಮ್ಮವ್ವನ ಹೆಸರ್ಲೆ ಸಕ್ರಿ ಓದಿಸ್ರಿ" ಎಂದಿದ್ದರು. ಇಂಥ ಆಚರಣೆಗಳ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯವಿದೆ, ಭಾವನವರಿಗಂತೂ ಬಲವಾಗಿಯೇ ಇದೆ. ಆದರೂ ಸಕ್ಕರೆ ಕೊಂಡವರು ಅವರೇ.

ಆ ರಾತ್ರಿ ಇಳಕಲ್ಲಿನ ಲಾಡ್ಜಿನಲ್ಲಿ ಕೋಣೆ ಸಿಕ್ಕಿತು. ಆಧಾರ್ ನೋಡಿದರು, ಬರೆದುಕೊಂಡರು, ಕೀಲಿ ಕೊಟ್ಟರು. ಎರಡು ನಿಮಿಷವೂ ಹಿಡಿಯಲಿಲ್ಲ.

ಇನ್ನೊಂದು ಮಾತು ಹೇಳಲು ಬಿಟ್ಟುಹೋಯಿತು. ಜಾತ್ರೆಯಿಂದ ಹೊರಡುವ ಮುನ್ನ ಭಾವ ತಾವು ಕಟ್ಟಿಸುತ್ತಿದ್ದ ಮನೆಗೆಂದು ನಮ್ಮೆದುರು ನಿಂತಿದ್ದ ಆ ಬಾಗಿಲನ್ನೇ ಕ್ರಯ ಮಾಡಿ ಮುಂಗಡ ಕೊಟ್ಟಿದ್ದರು. ಅಜ್ಜ ಬೆಲೆಯಲ್ಲಿ ನೂರು ರೂಪಾಯಿಯನ್ನೂ ಬಿಡಲಿಲ್ಲ. ಮಾರ್ಚ್‌ನಲ್ಲಿ ಲಾರಿಯಲ್ಲಿ ಅದು ಬಂತು. ಗೋಣಿ ಬಿಚ್ಚಿದರೆ ಹಿಂಬದಿಯಲ್ಲಿ ಸುಣ್ಣದ ಕಡ್ಡಿಯಲ್ಲಿ ದಪ್ಪಗೆ ಬರೆದಿತ್ತು, 'ಮಂಗಳೂರ ವಸ್ತಿ ಸಾಹೇಬರದು'. ಬಯಲುಸೀಮೆಯ ಒಣ ಹವೆಗೆ ಮಾಡಿದ ಮರ. ನಮ್ಮ ಮಳೆಗಾಲಕ್ಕೆ ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಜೂನ್ ಬಂತೆಂದರೆ ಭುಜ ಕೊಟ್ಟು ನೂಕಬೇಕು. ಉಮ್ಮ ಅಲ್ಲಿಗೆ ಹೋದಾಗಲೆಲ್ಲ, ಇಷ್ಟು ದೂರದಿಂದ ತರಬೇಕಿತ್ತೇ ಎಂದು ಗೊಣಗುತ್ತಾರೆ. ಆಚಾರಿಯನ್ನು ಕರೆಸಿ ಅಂಚು ಕೆತ್ತಿಸಿ ಎಂದರೆ ಭಾವ ಈ ಮಳೆಗಾಲ ಕಳೆಯಲಿ ಎನ್ನುತ್ತಾರೆ.